ಮಟಮಟ ಮಧ್ಯಾಹ್ನ ದೀಪ ಆರಿಸಿದ ದಿನ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಕರೆಂಟು ಹೋದರೆ ಅದು ಮೊದಲು ಗೊತ್ತಾಗುವುದು ಕಿವಿಗೆ. ಮನೆಮನೆಯಲ್ಲೂ ಮಗ್ಗಗಳು ಟಕಟಕ ಎನ್ನುತ್ತಿರುತ್ತವೆ. ಆ ಸದ್ದಿಗೆ ಒಗ್ಗಿಹೋದವರು ಅದರ ನಡುವೆಯೇ ಮಾತಾಡುತ್ತಾರೆ, ಮಕ್ಕಳನ್ನು ಮಲಗಿಸುತ್ತಾರೆ, ಮದುವೆ ಮಾತುಕತೆಯನ್ನೂ ಮುಗಿಸುತ್ತಾರೆ. ಸದ್ದು ಒಮ್ಮೆಗೇ ನಿಂತಿತೋ, ಮಲಗಿದ್ದ ಮಗುವಿಗೂ ಎಚ್ಚರವಾಗುತ್ತದೆ. ಆಗ ಖಾಕಿ ಅಂಗಿ ತೊಟ್ಟ ನಾನು ಯಾವುದಾದರೂ ಕಂಬದ ಹತ್ತಿರ ಕಣ್ಣಿಗೆ ಬಿದ್ದರೆ ನನ್ನ ಕಥೆ ಮುಗಿದ ಹಾಗೆ. ಕರೆಂಟು ತೆಗೆಯಲು ಹೇಳಿದವರು ಎಲ್ಲೋ ತಣ್ಣಗೆ ಕೂತಿರುತ್ತಿದ್ದರು, ಬೈಗುಳ ತಿನ್ನುವುದಕ್ಕೆ ನಾನು ಸಿಗುತ್ತಿದ್ದೆ.

ಕರೆಂಟಿನ ಇಲಾಖೆಗೆ ಲೈನ್‌ಮನ್ ಆಗಿ ಸೇರಿ, ಆ ಊರಿನ ಸುತ್ತಮುತ್ತಲೇ ಕಂಬ ಹತ್ತಿ ಇಳಿದು, ಈಗ ನಿವೃತ್ತನಾಗಿ ಆವತಿಯ ಮನೆಯಲ್ಲಿ ಕೂತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರೂ ಕಂಬ ಹತ್ತುವುದನ್ನು ಕಲಿಯಲಾರರು. ಇದನ್ನು ಬರೆಯಲು ಕಾರಣ ಪವಿತ್ರ ಎಂಬ ಹುಡುಗಿ. ಇಲಾಖೆಗೆ ಹೊಸದಾಗಿ ಸೇರಿದ್ದಾಳೆ. ಅರಿಶಿನಕುಂಟೆಯ ಕಡೆ ಸ್ವಲ್ಪ ಕಾಲ ಕೆಲಸ ಮಾಡಿ, ಈಗ ನಮ್ಮ ಆವತಿಯ ಕಡೆಯೇ ಬಂದಿದ್ದಾಳೆ. ಬಂದ ಹೊಸದರಲ್ಲಿ ಒಂದು ದಿನ ಮನೆಗೆ ಬಂದು, "ಅಂಕಲ್, ಟ್ರೇನಿಂಗಲ್ಲಿ ಹೇಳ್ಕೊಡ್ದೇ ಇರೋದು ಏನಾದ್ರೂ ಇದ್ರೆ ಹೇಳಿ" ಎಂದಳು. ಹೇಳುವುದು ಬಹಳ ಇತ್ತು, ಅವತ್ತು ಬಾಯಿಗೆ ಬರಲಿಲ್ಲ. ಅವಳ ತಾತ ಹನುಮಂತಣ್ಣ ನನಗೆ ಕೆಲಸ ಕಲಿಸಿದವನು. ಅಷ್ಟೇ ಅಲ್ಲ, ಒಂದು ಮಧ್ಯಾಹ್ನ ಅವನು ತನ್ನ ಹಟ ಬಿಟ್ಟಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಆ ಮಧ್ಯಾಹ್ನದ ತನಕ ಹೋಗಬೇಕಾದರೆ ಒಂದು ಸರಪಳಿ, ಒಂದು ಮರ ಮತ್ತು ಒಬ್ಬರು ಮಂತ್ರಿಗಳ ಕಥೆಯನ್ನು ಹೇಳಬೇಕು.

ಮೊದಲು ಸರಪಳಿ. ಹನುಮಂತಣ್ಣ ನಮ್ಮ ಶಾಖೆಯ ಮೇಸ್ತ್ರಿ. ಕುಳ್ಳಗೆ, ಗಟ್ಟಿಮುಟ್ಟಾದ ಆಳು. ಬಾಯಲ್ಲಿ ಸದಾ ಅಡಿಕೆ ಇರುತ್ತಿದ್ದರಿಂದ ಮಾತು ಕಡಿಮೆ. ಅವನ ಸೈಕಲ್ಲಿನ ಹಿಂದೆ ಗೋಣಿಚೀಲದಲ್ಲಿ ಒಂದು ಕಬ್ಬಿಣದ ಸರಪಳಿ ಇರುತ್ತಿತ್ತು. ಲೈನಿನಲ್ಲಿ ಕೆಲಸ ಇದ್ದರೆ ಮೊದಲು ಸ್ವಿಚ್ ಇಳಿಸಬೇಕು, ಆಮೇಲೆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಫ್ಯೂಸುಗಳನ್ನು ಕಿತ್ತು ಕಂಬ ಹತ್ತುವವನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಬೇರೆ ಯಾರೋ ಬಂದು ತಿಳಿಯದೆ ಕರೆಂಟು ಕೊಡಬಾರದಲ್ಲ, ಅದಕ್ಕೆ. ಇಷ್ಟನ್ನು ಎಲ್ಲರೂ ಮಾಡುತ್ತಿದ್ದರು. ಹನುಮಂತಣ್ಣ ಅದರ ಮೇಲೆ ಇನ್ನೊಂದು ಮಾಡಿಸುತ್ತಿದ್ದ. ನೆಲಕ್ಕೆ ಒಂದು ಕಬ್ಬಿಣದ ಗೂಟ ಹೊಡೆದು, ಸರಪಳಿಯ ಒಂದು ತುದಿಯನ್ನು ಅದಕ್ಕೆ ಬಿಗಿದು, ಇನ್ನೊಂದು ತುದಿಯನ್ನು ತಂತಿಗಳ ಮೇಲೆ ಎಸೆಯುತ್ತಿದ್ದ. ಎಲ್ಲ ತಂತಿಗಳೂ ಸರಪಳಿಯಿಂದ ಒಂದಕ್ಕೊಂದು ಸೇರಿ ನೆಲಕ್ಕೆ ಕಟ್ಟಿಹಾಕಿದ ಹಾಗಾಗುತ್ತಿತ್ತು. ಎಲ್ಲಿಂದಲಾದರೂ ಕರೆಂಟು ಬಂದರೆ ಅದು ಸರಪಳಿ ಹಿಡಿದು ನೆಲಕ್ಕೆ ಹೋಗಬೇಕು, ಮೇಲಿರುವ ಮನುಷ್ಯನನ್ನು ಮುಟ್ಟಬಾರದು.

ದಿನಾ ಬೆಳಗಾದರೆ ಕಂಬದ ಬುಡದಲ್ಲಿ ನಮ್ಮಿಬ್ಬರದು ಒಂದೇ ಪಾಠ.

"ಲೇ ರಾಜ, ಫ್ಯೂಸ್ ಎಲ್ಲಿ?"

"ಜೇಬಲ್ಲಿದೆ ಅಣ್ಣ."

"ಯಾರ ಜೇಬಲ್ಲಿ?"

"ನನ್ನ ಜೇಬಲ್ಲೇ."

"ಸರಪಳಿ?"

ಸರಪಳಿ ಎಸೆಯುವುದು ಸಲೀಸಾದ ಕೆಲಸವಲ್ಲ. ಗುರಿ ತಪ್ಪಿದರೆ ಅದು ನಮ್ಮ ತಲೆಯ ಮೇಲೇ ಬೀಳುತ್ತದೆ. ಸೇರಿದ ಹೊಸದರಲ್ಲಿ ನನಗೆ ಬೇಸರ ಬಂದು ಒಂದು ದಿನ ಕೇಳಿಬಿಟ್ಟೆ: "ಫ್ಯೂಸ್ ಎಲ್ಲಾ ನನ್ನ ಹತ್ರಾನೇ ಇದೆ. ಇನ್ನು ಕರೆಂಟು ಎಲ್ಲಿಂದಣ್ಣ ಬರುತ್ತೆ?"

ಹನುಮಂತಣ್ಣ ಅಡಿಕೆ ಉಗಿದು ಬಂದು ಹೇಳಿದ: "ಎಲ್ಲಿಂದ ಬರುತ್ತೆ ಅಂತ ಗೊತ್ತಿದ್ದಿದ್ರೆ ಇದನ್ನ ಯಾಕೆ ಹೊತ್ಕೊಂಡ್ ತಿರುಗ್ತಿದ್ದೆ? ಗೊತ್ತಿಲ್ದೇ ಇರೋ ಕಡೆಯಿಂದ ಬರೋದಕ್ಕೇ ಇದು. ಇನ್ನೊಬ್ರು ಆಫ್ ಮಾಡಿದ್ದು ಆಫ್ ಅಲ್ಲ ಕಣೋ."

ಈ ಮಾತನ್ನು ಅವನು ನನಗೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಕೇಳಿ ಕೇಳಿ ನನಗೆ ಅದು ಗಿಣಿಪಾಠವಾಗಿತ್ತು. ಅದರ ಅರ್ಥ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಇನ್ನು ಮರದ ವಿಷಯ. ಆ ಕಾಲದಲ್ಲಿ ಸರ್ಕಾರದ ವಿದ್ಯುತ್ ನೀತಿ ನಮಗೆ ಫೋನಿನಲ್ಲಿ ಬರುತ್ತಿತ್ತು. ಬೆಳಗಿನ ಪೇಪರಿನಲ್ಲಿ "ರಾಜ್ಯದಲ್ಲಿ ಎಲ್ಲಿಯೂ ವಿದ್ಯುತ್ ಕಡಿತ ಇಲ್ಲ" ಎಂದು ಮಂತ್ರಿಗಳ ಹೇಳಿಕೆ ಇರುತ್ತಿತ್ತು. ಅದನ್ನು ಓದಿ ಮಡಿಸಿಡುವ ಹೊತ್ತಿಗೆ ಊರಿಗೆ ಕರೆಂಟು ಹಂಚುವ ನಮ್ಮ ಸ್ಟೇಷನ್ನಿಗೆ ಫೋನ್ ಬರುತ್ತಿತ್ತು, ಇಂಥ ಲೈನ್ ತೆಗೆಯಿರಿ ಎಂದು. ಕಡಿತವೇ ಇಲ್ಲ ಎಂದ ಮೇಲೆ ಜನಕ್ಕೆ ಕಡಿತ ಎಂದು ಹೇಳುವ ಹಾಗಿಲ್ಲ. ನಮ್ಮ ಇಂಜಿನಿಯರ್ ಸಾಹೇಬರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಅವರಿಗೆ ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೇ ಅದನ್ನು ನಮ್ಮ ಕೈಲಿ ಹೇಳಿಸುತ್ತಿದ್ದರು.

"ಏನ್ ಹೇಳೋದು ಸಾರ್?"

"ಏನಾದ್ರೂ ಹೇಳ್ರಪ್ಪ. ಲೈನ್ ಮೇಲೆ ಮರ ಬಿದ್ದಿದೆ ಅನ್ನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ, ಜಲಾಶಯದಲ್ಲಿ ನೀರಿಲ್ಲದ್ದಕ್ಕೆ, ಕಲ್ಲಿದ್ದಲು ಬಾರದ್ದಕ್ಕೆ, ಚುನಾವಣೆಯಲ್ಲಿ ಮಾತು ಕೊಟ್ಟು ಮರೆತದ್ದಕ್ಕೆ, ಎಲ್ಲದಕ್ಕೂ ನಮ್ಮೂರಿನ ಮರಗಳು ಹೊಣೆ ಹೊತ್ತವು. ನೇಕಾರರ ಬೀದಿಯ ಸರೋಜಮ್ಮನ ಮುಂದೆ ಮಾತ್ರ ಈ ಆಟ ನಡೆಯಲಿಲ್ಲ. ಗಂಡ ಹೋದ ಮೇಲೆ ಮನೆಯ ಮಗ್ಗಗಳನ್ನು ತಾನೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನಿಲ್ಲಿಸಿಕೊಂಡರು.

"ಏನಪ್ಪಾ ರಾಜಣ್ಣ, ಇವತ್ತೂ ಮರ ಬಿತ್ತಾ?"

"ಹೂಂ ಕಣಮ್ಮ, ದೊಡ್ಡ ಕೊಂಬೆ."

"ನಮ್ಮೂರಲ್ಲಿ ಇರೋದೇ ನಾಕು ಮರ. ಅವು ದಿನಾ ಬಿದ್ದು ದಿನಾ ತಿರ್ಗಾ ಎದ್ದು ನಿಂತ್ಕೊತವೇನಪ್ಪಾ?"

ಬೀದಿಗೆ ಬೀದಿಯೇ ನಕ್ಕಿತು, ನಾನೂ ನಕ್ಕುಬಿಟ್ಟೆ. ಆಮೇಲೆ ಅವರು ನನ್ನನ್ನು ಒಳಗೆ ಕರೆದು ಮಗ್ಗದ ಮೇಲಿದ್ದ ಸೀರೆ ತೋರಿಸಿದರು. ಹಸಿರು ಮೈ, ಕೆಂಪು ಅಂಚು. ಅದರ ನಡುವೆ ಅಡ್ಡಲಾಗಿ ಕೂದಲೆಳೆಯಷ್ಟು ಒಂದು ಗೆರೆ. ಕರೆಂಟು ಹೋಗಿ ಮಗ್ಗ ನಿಂತು, ಮತ್ತೆ ಹೊರಡುವಾಗ ನೂಲು ಸರಿಯಾಗಿ ಕೂರದೆ ಅಂಥ ಗೆರೆ ಬೀಳುತ್ತದಂತೆ. ಅಂಗಡಿಯವನು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಗೆರೆ ಕಂಡರೆ ಪಕ್ಕಕ್ಕೆ ಎಸೆಯುತ್ತಾನೆ. "ಇದು ನಾನು ನೇಯ್ದಿದ್ದಲ್ಲ, ನೀವು ನೇಯ್ದಿದ್ದು" ಎಂದರು ಸರೋಜಮ್ಮ. ಸಿಟ್ಟಿನಿಂದ ಅಂದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅವರು ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಫಿ ಕುಡಿದು ಹೋಗು ಎಂದರು. ಆವತ್ತಿನಿಂದ ಲೈನ್ ತೆಗೆಯುವಾಗೆಲ್ಲ ಎಲ್ಲೋ ಒಂದು ಸೀರೆಯಲ್ಲಿ ಗೆರೆ ಬೀಳುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು.

ನಿಜವಾಗಿಯೂ ತಂತಿಗೆ ತಗುಲುತ್ತಿದ್ದ ಮರ ನಮ್ಮೂರಲ್ಲಿ ಒಂದೇ ಒಂದು ಇತ್ತು. ಅದನ್ನು ನೆಟ್ಟದ್ದೂ ಸರ್ಕಾರವೇ. ಬೀದಿಯ ಕೊನೆಯಲ್ಲಿ ಒಂದು ಮದುವೆ ಛತ್ರ ಇದೆ. ಪ್ರತಿ ವರ್ಷ ಪರಿಸರ ದಿನದಂದು ಛತ್ರದಲ್ಲಿ ಭಾಷಣ, ಹೊರಗೆ ಗಿಡ ನೆಡುವುದು. ಗುಂಡಿ ಮಾತ್ರ ಪ್ರತಿ ವರ್ಷ ಅದೇ. ಹೋದ ವರ್ಷದ ಗಿಡ ಒಣಗಿರುತ್ತಿದ್ದರಿಂದ ಹೊಸದಾಗಿ ತೋಡುವ ಕಷ್ಟವಿರಲಿಲ್ಲ. ಆ ಗುಂಡಿ ನೆಟ್ಟಗೆ ನಮ್ಮ ತಂತಿಯ ಕೆಳಗಿತ್ತು. ಫೋಟೋಗೆ ಛತ್ರದ ಕಮಾನು ಹಿಂದೆ ಬರಬೇಕಾದರೆ ಅತಿಥಿಯಾಗಿ ಬರುವ ಮಂತ್ರಿಗಳು ಅಲ್ಲೇ ನಿಲ್ಲಬೇಕು. ಸಾಹೇಬರು ಒಂದು ವರ್ಷ ಧೈರ್ಯ ಮಾಡಿ, "ಸ್ವಲ್ಪ ಆ ಕಡೆ ನೆಟ್ರೆ ಒಳ್ಳೇದು ಸಾರ್, ಮೇಲೆ ಲೈನಿದೆ" ಎಂದರು. ಮಂತ್ರಿಗಳ ಕಡೆಯವರೊಬ್ಬರು ಅವರ ಭುಜ ತಟ್ಟಿ, "ಬೆಳೆದಾಗ ನೋಡೋಣ ಬಿಡಿ" ಎಂದರು. ಬೆಳೆಯುತ್ತದೆಂಬ ನಂಬಿಕೆ ಅವರಿಗೇ ಇರಲಿಲ್ಲ.

ಆ ವರ್ಷದ ಗುಲ್‌ಮೊಹರ್ ಬೆಳೆದೇಬಿಟ್ಟಿತು. ಸರೋಜಮ್ಮನ ಮನೆ ಎದುರಿಗೇ ಇತ್ತು. ಪಾಪ, ಯಾರೋ ನೆಟ್ಟು ಹೋದರು, ಸಾಯೋದು ಬೇಡ ಎಂದು ಅವರು ದಿನಾ ಪಾತ್ರೆ ತೊಳೆದ ನೀರು ಹಾಕಿದ್ದರು. ಮರ ತಂತಿ ಮುಟ್ಟಿದ ಮೇಲೆ ಗಾಳಿ ಬೀಸಿದಾಗೆಲ್ಲ ಕೊಂಬೆ ತಗುಲಿ ಕರೆಂಟು ಹೋಗುತ್ತಿತ್ತು, ಅವರ ಸೀರೆಗೇ ಗೆರೆ ಬೀಳುತ್ತಿತ್ತು. "ನಾನು ಸಾಕಿದ ಗಿಣಿ ನನ್ನನ್ನೇ ಕಚ್ತಾ ಇದೆ, ಮೇಲಿನ ಕೊಂಬೆ ಒಂದಿಷ್ಟು ತೆಗೀರಪ್ಪ" ಎಂದು ಅವರೇ ಬಂದು ಕೇಳಿದರು.

ಮಚ್ಚು ಹಿಡಿದು ಹೋದೆವು. ಯಾರೋ ಫೋನ್ ಮಾಡಿದ್ದರು ಎಂದು ಕಾಣುತ್ತದೆ. ಬೆಂಗಳೂರಿನಿಂದ ಪರಿಸರದವರು ಕಾರುಗಳಲ್ಲಿ ಬಂದು ಮರಕ್ಕೆ ಹಸಿರು ಪಟ್ಟಿ ಕಟ್ಟಿ ಸುತ್ತ ನಿಂತರು. ಬಿಸಿಲಿಗೆ ಕಾರಿನ ಒಳಗೆ ತಣ್ಣಗಿರಲೆಂದು ಇಂಜಿನ್ನುಗಳು ಓಡುತ್ತಲೇ ಇದ್ದವು. ತಂತಿಯನ್ನೇ ಬೇರೆ ಕಡೆ ಹಾಕಿ, ಇಲ್ಲವಾದರೆ ಕರೆಂಟಿಲ್ಲದೆ ಬದುಕುವುದನ್ನು ಜನ ಕಲಿಯಬೇಕು ಎಂದು ಒಬ್ಬರು ಹೇಳಿದರು. ಸರೋಜಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಮೊದಲು ಆ ಕಾರು ಆರಿಸೋದು ಕಲೀರಿ ಸ್ವಾಮಿ, ನಾವು ಆಮೇಲೆ ಕಲೀತೀವಿ" ಎಂದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಬೀದಿಯವರು ಬಾಯಿಬಿಟ್ಟು ಆಡಿಕೊಂಡರು.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅವರಲ್ಲಿ ಬಿಳಿಗಡ್ಡದ ಹಿರಿಯರೊಬ್ಬರಿದ್ದರು. ಉಳಿದವರು ಫೋಟೋ ತೆಗೆಸಿಕೊಂಡು ಹೊರಟ ಮೇಲೂ ಅವರು ನಿಂತರು. ಹನುಮಂತಣ್ಣನ ಹತ್ತಿರ ಹೋಗಿ, ಎಲ್ಲಿ ಕಡಿದರೆ ಮರವೂ ಉಳಿಯುತ್ತದೆ, ನಿಮ್ಮ ಲೈನೂ ಉಳಿಯುತ್ತದೆ ಎಂದು ಕೇಳಿದರು. ಹನುಮಂತಣ್ಣ ತೋರಿಸಿದ. ಕೊಂಬೆ ಇಳಿಸುವಾಗ ಅವರೇ ಹಗ್ಗ ಹಿಡಿದರು. ಬಸ್ಸಿನಲ್ಲಿ ಬಂದಿದ್ದರು, ಬಸ್ಸಿನಲ್ಲೇ ಹೋದರು. ಪರಿಸರ ಎಂಬ ಮಾತು ಕೇಳಿದಾಗೆಲ್ಲ ನನ್ನ ತುಟಿಗೆ ಬರುವ ನಗೆಯನ್ನು ತಡೆಯುವವರು ಅವರೊಬ್ಬರೇ. ಅವರಿಗೊಂದು ನಮಸ್ಕಾರ.

ಅಷ್ಟು ಹೊತ್ತಿಗೆ ಕೊಂಬೆಗಳು ಬಡಿದು ಬಡಿದು ಛತ್ರದ ಮುಂದಿನ ತಂತಿ ಜೋತುಬಿದ್ದಿತ್ತು. ಅದನ್ನು ಬಿಗಿಯಬೇಕಾದರೆ ಲೈನ್ ಆಫ್ ಮಾಡಬೇಕು. ಆಫ್ ಮಾಡುತ್ತೇವೆ ಎಂದರೆ ನೇಕಾರರು, ಮದುವೆ ಸೀಸನ್ನು ಮುಗಿಯಲಿ ಎಂದು ಕೈ ಮುಗಿಯುತ್ತಿದ್ದರು. ಹೀಗೆ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು.

ಆಗ ಬಂತು ಮಂತ್ರಿಗಳ ಕಾರ್ಯಕ್ರಮ. ಭೂಮಿಯನ್ನು ಉಳಿಸಲು ಊರೆಲ್ಲ ಒಂದು ಗಂಟೆ ದೀಪ ಆರಿಸಬೇಕು. ಬೇರೆ ಊರುಗಳಲ್ಲಿ ಇಂಥದ್ದನ್ನು ಕತ್ತಲಾದ ಮೇಲೆ ಮಾಡುತ್ತಾರಂತೆ. ನಮ್ಮ ಮಂತ್ರಿಗಳಿಗೆ ಸಂಜೆ ವಿಮಾನ ಹಿಡಿಯುವುದಿತ್ತು. ಆದ್ದರಿಂದ ಮಟಮಟ ಮಧ್ಯಾಹ್ನ ದೀಪ ಆರಿಸುವುದೆಂದು ತೀರ್ಮಾನವಾಯಿತು. ಊರ ತುಂಬ ಪ್ಲಾಸ್ಟಿಕ್ಕಿನ ಫ್ಲೆಕ್ಸ್ ಬೋರ್ಡುಗಳು ಎದ್ದವು, ಪ್ಲಾಸ್ಟಿಕ್ ಬಿಡಿ ಎನ್ನುವ ಮಾತೂ ಅದರಲ್ಲೇ ಇತ್ತು. ಸಾಹೇಬರು ನಮ್ಮನ್ನು ಕರೆದು ಹೇಳಿದರು: "ಜನ ಸ್ವಯಂಪ್ರೇರಣೆಯಿಂದ ಆಫ್ ಮಾಡ್ಬೇಕಂತೆ. ಎಲ್ಲಾದ್ರೂ ಮಾಡ್ದೇ ಹೋದ್ರೆ ಅಂತ, ನಾವೇ ಸ್ಟೇಷನ್ನಲ್ಲಿ ಮಾಡ್ಬೇಕಂತೆ."

ಅವರ ಮುಖ ನೋಡಿ ನಗು ಬಂತು. ಆದರೆ ನನಗೂ ಹನುಮಂತಣ್ಣನಿಗೂ ಒಳಗೊಳಗೇ ಖುಷಿಯಾಯಿತು. ಹೇಗಿದ್ದರೂ ಊರೆಲ್ಲ ಆಫ್. ಯಾರ ಕೈಯೂ ಮುಗಿಸಿಕೊಳ್ಳದೆ, ಯಾರ ಬೈಗುಳವೂ ಇಲ್ಲದೆ ತಂತಿ ಬಿಗಿದುಬಿಡಬಹುದು. ಲೈನಿನವರ ತಲೆ ಓಡುವುದೇ ಹಾಗೆ. ಕರೆಂಟು ಹೋದರೆ ಉಳಿದವರಿಗೆ ಬೇಸರ, ನಮಗೆ ಕೆಲಸದ ಹೊತ್ತು. ಸಾಹೇಬರನ್ನು ಕೇಳಿದೆವು. ಮಂತ್ರಿಗಳ ಕಣ್ಣಿಗೆ ಬೀಳದ ಹಾಗೆ ಮಾಡಿಕೊಳ್ಳಿ ಎಂದು ಒಪ್ಪಿದರು.

ಎರಡು ಗಂಟೆಗೆ ಸ್ಟೇಷನ್ನಿನಲ್ಲಿ ಕರೆಂಟು ತೆಗೆದರು. ಮಗ್ಗಗಳ ಸದ್ದು ನಿಂತಿತು. ನೆತ್ತಿಯ ಮೇಲಿನಿಂದ ಅಷ್ಟಿಷ್ಟು ಜಾರಿದ ಸೂರ್ಯ ಕಣ್ಣು ಕುಕ್ಕುತ್ತಿದ್ದ. ಎಲ್ಲಿಯೂ ದೀಪ ಆರಿದ ಗುರುತೇ ಇರಲಿಲ್ಲ. ನೇಕಾರರು ಜಗಲಿಯ ಮೇಲೆ ಕೂತು ಭೂಮಿಯನ್ನು ಉಳಿಸುತ್ತಿದ್ದರು. ನಾನು ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಹನುಮಂತಣ್ಣ ಗೋಣಿಚೀಲ ಬಿಚ್ಚಿದ.

ನಾನು ತಮಾಷೆಗೆ ಅಂದೆ: "ಅಣ್ಣ, ಇವತ್ತು ಆಫ್ ಮಾಡ್ಸಿರೋದು ಸಾಕ್ಷಾತ್ ಮಂತ್ರಿಗಳು. ಸ್ಟೇಷನ್ನಲ್ಲಿ ಆಫ್, ಫ್ಯೂಸ್ ನನ್ನ ಜೇಬಲ್ಲಿ. ಇವತ್ತೂ ಸರಪಳಿ ಬೇಕಾ?"

"ಮಂತ್ರಿ ಕಂಬ ಹತ್ತಲ್ಲ ಕಣೋ. ಹತ್ತೋನು ನೀನು" ಎಂದು ಹೇಳಿ ಅವನು ಗೂಟ ಹೊಡೆದ. ಆಗ ಅವನಿಗೆ ನಿವೃತ್ತಿ ಹತ್ತಿರ ಬಂದಿತ್ತು, ಭುಜದ ನೋವೂ ಇತ್ತು. ಮೊದಲ ಸಲ ಎಸೆದದ್ದು ತಂತಿಗೆ ಸಿಗದೆ ಕೆಳಗೆ ಬಿತ್ತು. ಜಗಲಿಯ ಮೇಲಿದ್ದವರು ನಕ್ಕರು. ಅವನು ಅಲ್ಲಿಗೇ ಬಿಡಬಹುದಿತ್ತು, ಬಿಡು ಎಂದಿದ್ದರೆ ನಾನೂ ಬಿಡುತ್ತಿದ್ದೆ. ಬಿಡಲಿಲ್ಲ. ಭುಜ ನೀವಿಕೊಂಡು ಮತ್ತೆ ಎಸೆದ. ಸರಪಳಿ ತಂತಿಗಳ ಮೇಲೆ ಬಿದ್ದು ಜೋತಾಡಿತು. "ಈಗ ಹತ್ತು" ಎಂದ.

ನಾನು ಮೇಲೆ ಹೋಗಿ ನಡುಪಟ್ಟಿ ಕಟ್ಟಿಕೊಂಡು ಕೆಲಸ ಶುರುಮಾಡಿದೆ. ಮಂತ್ರಿಗಳು ತಡವಾಗಿ ಬಂದರು. ಛತ್ರದ ಒಳಗೆ ಎಸಿ ಹಾಕಿ, ತಂಪು ಹೋಗದಂತೆ ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟಿದ್ದರು. ಊರೆಲ್ಲ ಆಫ್ ಆದ ಮೇಲೆ ಎಸಿಗೆ, ಮೈಕಿಗೆ, ವೇದಿಕೆಯ ದೀಪಗಳಿಗೆ ಕರೆಂಟು ಬೇಕಲ್ಲ? ಶಾಮಿಯಾನದವನ ಕಡೆಯಿಂದ ದೊಡ್ಡ ಡೀಸೆಲ್ ಜನರೇಟರ್ ತರಿಸಿ ಛತ್ರದ ಹಿಂದೆ ನಿಲ್ಲಿಸಿದ್ದರು. ಕಂಬದ ಮೇಲಿಂದ ನನಗೆ ಅದು ಕಾಣುತ್ತಿರಲಿಲ್ಲ. ಜನರೇಟರ್ ಕಟ್ಟಿದವನು ಛತ್ರದ ಮೇನ್ ಸ್ವಿಚ್ ಇಳಿಸದೆ ನೇರವಾಗಿ ಅದರ ಬೋರ್ಡಿಗೇ ತಂತಿ ಸೇರಿಸಿಬಿಟ್ಟಿದ್ದ. ಹಾಗೆ ಮಾಡಿದರೆ ಜನರೇಟರಿನ ಕರೆಂಟು ಛತ್ರದೊಳಗೆ ಹೋಗುವುದರ ಜೊತೆಗೆ ಹಿಂದಕ್ಕೂ ಹರಿದು ಕಂಬದ ತಂತಿಗೆ ಬರುತ್ತದೆ. ಆ ತಂತಿಯನ್ನು ಹಿಡಿದುಕೊಂಡು ನಾನು ಮೇಲಿದ್ದೆ.

ಹಿಂದುಗಡೆ ಇಂಜಿನ್ ಸದ್ದು ಕೇಳಿತು. ಮೈಕಿನಲ್ಲಿ ಸ್ವಾಗತ ಭಾಷಣ ಮೊದಲಾಗುವುದರೊಳಗೇ ನನ್ನಿಂದ ಮಾರು ದೂರದಲ್ಲಿ ಫಟ್ ಎಂದು ಸದ್ದಾಗಿ, ಸರಪಳಿ ಮೈಮೇಲೆ ಬಂದ ಹಾಗೆ ಎಗರಿ, ನೀಲಿ ಕಿಡಿ ಸುರಿಯಿತು. ಛತ್ರದ ಹಿಂದೆ ಜನರೇಟರ್ ಒಮ್ಮೆ ಗೊರಗೊರ ಎಂದು ನಿಂತುಹೋಯಿತು. ನನ್ನ ಕೈ ಇನ್ನೂ ತಂತಿಯ ಮೇಲೇ ಇತ್ತು. ನನಗೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಎಂಬುದೇ ನನಗೆ ಅರ್ಥವಾಗಲಿಲ್ಲ.

"ಕೈ ತೆಗಿ ರಾಜ. ಮೆಲ್ಲಗೆ ಇಳಿ" ಎಂದ ಹನುಮಂತಣ್ಣ. ಕೂಗಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದ. ನಾನು ಇಳಿದೆ. ಅವನು ಹಿಡಿದು ಮರದ ಬುಡದಲ್ಲಿ ಕೂರಿಸಿದ. ಸರೋಜಮ್ಮ ಓಡಿ ಬಂದು ನೀರು ಕುಡಿಸಿದರು. ಹನುಮಂತಣ್ಣ ಜೇಬಿನಿಂದ ಒಂದು ಚೂರು ಅಡಿಕೆ ತೆಗೆದು ನನ್ನ ಅಂಗೈಗೆ ಇಟ್ಟ. ಅದಕ್ಕೆ ಮುಂಚೆ ನಾನು ಅಡಿಕೆ ಹಾಕಿದವನಲ್ಲ. ಅವತ್ತು ಅಗಿದೆ.

ನಾನು ಕಂಬ ಇಳಿಯುತ್ತಿದ್ದಾಗಲೇ ಛತ್ರದ ಒಳಗಿನಿಂದ ಜೋರಾಗಿ ಚಪ್ಪಾಳೆ ಕೇಳಿಸಿತ್ತು. ಪರದೆ ಬಿಟ್ಟಿದ್ದ ಛತ್ರದಲ್ಲಿ ದೀಪ, ಮೈಕು, ಎಸಿ ಎಲ್ಲ ಬಂದ ಗಳಿಗೆಯಲ್ಲೇ ಒಟ್ಟಿಗೆ ನಿಂತು ಗವ್ವೆಂದು ಕತ್ತಲಾಗಿತ್ತು. ಜನ ಇದೇ ಕಾರ್ಯಕ್ರಮ ಎಂದುಕೊಂಡು ಮೆಚ್ಚಿ ಚಪ್ಪಾಳೆ ತಟ್ಟಿದ್ದರು. ಮಂತ್ರಿಗಳೂ ತಟ್ಟಿದರಂತೆ. ಮಾರನೆಯ ದಿನ ಪೇಪರಿನಲ್ಲಿ ಅಚ್ಚುಕಟ್ಟಾದ ಕಾರ್ಯಕ್ರಮ ಎಂದು ಬಂತು. ನಮ್ಮೂರಲ್ಲಿ ಮಾತೂ ಕೃತಿಯೂ ಒಂದಾದ ಸಭೆ ಅದೊಂದೇ. ಅದನ್ನು ಒಂದು ಮಾಡಿದ್ದು ಹನುಮಂತಣ್ಣನ ಸರಪಳಿ.

ಅವನು ಎದ್ದು ಛತ್ರದ ಹಿಂದೆ ಹೋಗಿ ಮೇನ್ ಸ್ವಿಚ್ ಇಳಿಸಿದ. ಜನರೇಟರಿನವನು ವಿಷಯ ತಿಳಿದು ಬಿಳಿಚಿಕೊಂಡು ನಿಂತಿದ್ದ. "ನಂಗೆ ಯಾರೂ ಹೇಳ್ಲಿಲ್ಲಣ್ಣ" ಎಂದನಂತೆ. ಪಾಪ, ಅವನಿಗೆ ಹೇಳುವವರು ಯಾರಿದ್ದರು? ಎಲ್ಲರೂ ಗಿಡ, ಹಾರ, ವಿಮಾನದ ಹೊತ್ತು ನೋಡಿಕೊಳ್ಳುತ್ತಿದ್ದರು. ಸಾಹೇಬರು ಸುದ್ದಿ ಕೇಳಿ ಬಂದು ನನ್ನ ಪಕ್ಕ ನೆಲದ ಮೇಲೇ ಕೂತರು. ಇಸ್ತ್ರಿ ಪ್ಯಾಂಟಿನ ಯೋಚನೆಯೂ ಅವರಿಗಿರಲಿಲ್ಲ. ಅಲ್ಲಿಂದ ಮುಂದೆ ಯಾವುದೇ ಸಮಾರಂಭದ ಜನರೇಟರನ್ನು ತಾವೇ ಹೋಗಿ ನೋಡದೆ ಅವರು ಒಪ್ಪಿಗೆ ಕೊಡಲಿಲ್ಲ. ಒಬ್ಬ ದೊಡ್ಡ ಮನುಷ್ಯರ ಮಗಳ ಮದುವೆಯಲ್ಲಿ ಅದಕ್ಕಾಗಿ ಬೈಸಿಕೊಂಡರೂ ಜಗ್ಗಲಿಲ್ಲ. ಸುಳ್ಳು ಹೇಳಲು ಬಾರದ ಸಾಹೇಬರ ಕೆಳಗೆ ದುಡಿದದ್ದು ನನ್ನ ಪುಣ್ಯ.

ಮರದ ಕಥೆ ಮುಗಿಸಿಬಿಡುತ್ತೇನೆ. ಕೆಲವು ವರ್ಷಗಳ ಮೇಲೆ ರಸ್ತೆ ಅಗಲ ಮಾಡಿದರು. ಉದ್ಘಾಟನೆಗೆ ಅದೇ ಮಂತ್ರಿಗಳು. ಗುಲ್‌ಮೊಹರ್ ಒಂದು ಬೆಳಗಿನೊಳಗೆ ಉರುಳಿತು. ಹಸಿರು ಪಟ್ಟಿ ಕಟ್ಟಲು ಯಾರೂ ಬರಲಿಲ್ಲ. ಸರೋಜಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. "ಲೈನಿಗೆ ಅಡ್ಡ ಬಂದಾಗ ದೇವ್ರಾಗಿತ್ತು, ರೋಡಿಗೆ ಅಡ್ಡ ಬಂದಾಗ ಸೌದೆ ಆಗೋಯ್ತು ನೋಡಪ್ಪಾ" ಎಂದರು. ನನಗೂ ಸಂಕಟವಾಯಿತು. ಆ ಮರದ ಬುಡದಲ್ಲಿ ಕೂತೇ ನಾನು ಎರಡನೇ ಸಲ ಹುಟ್ಟಿದ್ದು.

ಇದನ್ನೆಲ್ಲ ಓದಿ ನಾನು ಮರ ಗಿಡಗಳ ವೈರಿ ಎಂದು ಯಾರೂ ತಿಳಿಯಬಾರದು. ಬಿಸಿಲಿನಲ್ಲಿ ಕಂಬದಿಂದ ಇಳಿದವನಿಗೆ ನೆರಳಿನ ಬೆಲೆ ಗೊತ್ತು. ನನಗೆ ನಂಬಿಕೆ ಬಾರದಿರುವುದು ಊರಿಗೆ ಉಪದೇಶ ಮಾಡುವವರ ಹಿಂದೆ ಓಡುತ್ತಿರುವ ಜನರೇಟರಿನ ಮೇಲೆ. ಹೊಸದಾಗಿ ಸೇರುವ ಮಕ್ಕಳಿಗೆ ನನ್ನ ಬುದ್ಧಿಮಾತು ಇಷ್ಟೇ: ವೇದಿಕೆಯ ಮೇಲೆ ಯಾರು ಏನೇ ಹೇಳಲಿ, ನೀವು ಮೊದಲು ಹಿತ್ತಲಿಗೆ ಹೋಗಿ ನೋಡಿ. ಮಾತಿಗೆ ಚಪ್ಪಾಳೆ ತಟ್ಟಿ, ತಂತಿಗೆ ಕೈ ಹಾಕುವಾಗ ಮಾತ್ರ ಯಾರನ್ನೂ ನಂಬಬೇಡಿ.

ಹನುಮಂತಣ್ಣ ನಿವೃತ್ತನಾದ ದಿನ ಹಾರ ತೆಗೆದಿಟ್ಟು, ಗೋಣಿಚೀಲವನ್ನು ನನ್ನ ಕೈಗೆ ಕೊಟ್ಟ. ನನ್ನ ಕೆಲಸದ ಕೊನೆಯ ತನಕ ಅದು ನನ್ನ ಜೊತೆಗಿತ್ತು. ಈಗ ಅವನಿಲ್ಲ. ಪವಿತ್ರ ಬಂದ ದಿನ ಅವಳ ತಾತನ ಸರಪಳಿಯನ್ನು ಅವಳಿಗೇ ಕೊಡೋಣವೆಂದು ಅಟ್ಟದಿಂದ ಇಳಿಸಿದೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, "ಇದನ್ನ ಈಗ ಉಪಯೋಗಿಸೋ ಹಾಗಿಲ್ಲ ಅಂಕಲ್, ನಮಗೆ ಅರ್ತಿಂಗ್ ರಾಡ್ ಕೊಟ್ಟಿದಾರೆ. ಎಸೆಯೋದೇ ಬೇಡ, ಕೆಳಗಿ‌ನಿಂದಾನೇ ಒಂದೊಂದು ತಂತಿಗೂ ಕೊಕ್ಕೆ ಹಾಕ್ಬಹುದು" ಎಂದಳು. ಕೋಲಿನ ತುದಿಗೆ ಕೊಕ್ಕೆ, ಅದಕ್ಕೆ ತಾಮ್ರದ ತಂತಿ. ತಲೆಯ ಮೇಲೆ ಬೀಳುವ ಭಯವಿಲ್ಲ, ಭುಜಕ್ಕೂ ನೋವಿಲ್ಲ. ನೋಡಿ ಸಮಾಧಾನವಾಯಿತು. ಹನುಮಂತಣ್ಣ ಇದ್ದಿದ್ದರೆ ಅವನೇ ಸರಪಳಿಯನ್ನು ಗುಜರಿಗೆ ಹಾಕುತ್ತಿದ್ದ. ನಾನು ಹಾಕಲಿಲ್ಲ, ಅದು ಈಗ ನಮ್ಮ ಗೇಟಿಗೆ ಬೀಗ ಹಾಕಲು ಇದೆ.

ಮೊನ್ನೆ ಗಾಳಿಗೆ ನಮ್ಮ ಮನೆಯ ಮುಂದಿನ ಕಂಬದಲ್ಲಿ ತಂತಿ ಸಡಿಲವಾಯಿತು. ಪವಿತ್ರ ಬಂದಳು. ಸ್ಟೇಷನ್ನಿನಲ್ಲಿ ಆಫ್ ಮಾಡಿಸಿದಳು, ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು. ಆಮೇಲೆ ತಲೆಯೆತ್ತಿ ನಮ್ಮ ತಾರಸಿಯ ಕಡೆ ನೋಡಿದಳು. ಅಲ್ಲಿ ಸೋಲಾರ್ ಹಲಗೆಗಳಿವೆ. ಇಷ್ಟೆಲ್ಲ ಆಡಿಕೊಂಡ ನಾನೇ ಅಳಿಯನ ಮಾತು ಕೇಳಿ ಹಾಕಿಸಿಕೊಂಡಿದ್ದೇನೆ. ಬಿಲ್ಲು ಇಳಿಯುತ್ತದೆ ಎಂದರೆ ಬದನೆಕಾಯಿ ನನಗೂ ರುಚಿಯೇ. ಈಗ ಊರಲ್ಲಿ ಹೀಗೆ ಎಷ್ಟೋ ಮನೆಗಳು ತಾವೇ ಕರೆಂಟು ಮಾಡಿ ಲೈನಿಗೆ ಕೊಡುತ್ತವೆ. ನಮ್ಮ ಕಾಲದಲ್ಲಿ ಒಂದೇ ದಿಕ್ಕಿನಿಂದ ಬರುತ್ತಿದ್ದ ಕರೆಂಟು ಈಗ ಯಾವ ಮನೆಯ ಮೇಲಿಂದ ಬರುತ್ತದೋ ಹೇಳುವ ಹಾಗಿಲ್ಲ.

"ಸೋಲಾರ್ ಆಫ್ ಆಗಿದ್ಯಾ ಅಂಕಲ್?"

"ಲೈನ್ ಹೋದ್ರೆ ಅದು ತಾನಾಗೇ ನಿಂತ್ಕೊಳ್ಳುತ್ತೆ ಕಣಮ್ಮ. ಆದ್ರೂ ನಾನೇ ಹೋಗಿ ಸ್ವಿಚ್ ಇಳಿಸಿ ಬಂದಿದೀನಿ. ಧೈರ್ಯವಾಗಿ ಹತ್ತು."

ಇಷ್ಟು ವರ್ಷ ಕಂಬ ಹತ್ತಿದವನು ಹೇಳುತ್ತಿದ್ದೇನೆ, ಸಾಲದೆ ಎಂಬ ಗತ್ತು ನನ್ನ ಮಾತಿನಲ್ಲಿ ಇತ್ತೆಂದು ಕಾಣುತ್ತದೆ. ಅವಳು ನಕ್ಕಳು. ನಗುತ್ತಲೇ ಕೆಳಗಿಟ್ಟಿದ್ದ ರಾಡನ್ನು ಎತ್ತಿಕೊಂಡಳು.

"ಬೇಜಾರು ಮಾಡ್ಕೋಬೇಡಿ ಅಂಕಲ್. ಇನ್ನೊಬ್ರು ಆಫ್ ಮಾಡಿದ್ದು ಆಫ್ ಅಲ್ಲ. ನಮ್ ತಾತ ಹೇಳ್ತಿದ್ರು."

ನಾನು ಗೇಟಿನ ಸರಪಳಿ ಹಿಡಿದುಕೊಂಡು ನಿಂತು ನೋಡಿದೆ. ಅವಳು ಕೊಕ್ಕೆಯನ್ನು ಒಂದೊಂದೇ ತಂತಿಗೆ ಹಾಕಿದಳು, ಎಳೆದು ನೋಡಿದಳು, ಆಮೇಲೆ ಕಂಬ ಹತ್ತಿದಳು.